ತೊಟ್ಟಿಲುಬಂಡೆಗೆ ಹೋಗುವ ಹೊತ್ತು

5 ಜನವರಿ

ಅಪ್ಪಾ,

ಸುಖವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಎರಡು ಸಲ ವಾಂತಿಯಾಯಿತು, ಅದನ್ನು ಅಮ್ಮನಿಗೆ ಹೇಳಬೇಡಿ. ಫೋನಿನಲ್ಲಿ ನಾನು "ಅಪ್ಪಾ" ಎಂದರೆ ನೀವು "ಯಾರಪ್ಪಾ?" ಎನ್ನುತ್ತೀರಿ, ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ನಾನು ಕಿರುಚಬೇಕು. ಅದಕ್ಕೇ ಈ ಕಾಗದ. ನಿಮ್ಮ ಕಿವಿ ಕೈಕೊಟ್ಟದ್ದರಿಂದ ನನ್ನ ಕೈಬರಹವಾದರೂ ಸುಧಾರಿಸೀತು.

ಇನ್ನು ಕೆಲಸ. ಬಂಡೆಗೆ ಅಂಟಿಕೊಂಡು ಬೆಳೆಯುವ ನೀಲಿ ಕಪ್ಪೆಚಿಪ್ಪು ಇದೆಯಲ್ಲ, ಅದು ಹುಟ್ಟುವುದು ಬಂಡೆಯ ಮೇಲಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯಾಗಿ ಮೂರು ನಾಲ್ಕು ವಾರ ನೀರಿನಲ್ಲಿ ಅಲೆದು, ಆಮೇಲೆ ಎಲ್ಲೋ ಒಂದು ಕಡೆ ಕೂರುತ್ತದೆ. ಎಲ್ಲಿ ಕೂರುತ್ತದೆ, ಎಷ್ಟು ಕೂರುತ್ತದೆ ಎಂದು ಒಂದು ವರ್ಷ ಅಳೆಯುವುದು ನನ್ನ ಕೆಲಸ. ಅಳೆಯುವ ಸಾಧನ ಏನು ಗೊತ್ತಾ? ಅಮ್ಮ ಪಾತ್ರೆ ತಿಕ್ಕುವ ಹಸಿರು ಪ್ಲಾಸ್ಟಿಕ್ ನಾರು! ಬಂಡೆಯಲ್ಲಿ ತೂತು ಕೊರೆದು ಬೋಲ್ಟ್ ಹಾಕಿ ಅದನ್ನು ಬಿಗಿಯುತ್ತೇವೆ. ಮರಿಗಳು ಅದನ್ನು ಪಾಚಿಯ ಎಳೆ ಎಂದುಕೊಂಡು ಬಂದು ಕೂರುತ್ತವೆ. ಹತ್ತು ದಿನಕ್ಕೊಮ್ಮೆ ಬಿಚ್ಚಿ ತಂದು, ತೊಳೆದು, ಜರಡಿ ಹಿಡಿದು, ಮೈಕ್ರೋಸ್ಕೋಪಿನ ಕೆಳಗಿಟ್ಟು ಒಂದೊಂದಾಗಿ ಎಣಿಸಬೇಕು.

ಒಟ್ಟು ಮೂರು ಬಂಡೆ, ಬಂಡೆಗೆ ಐದು ನಾರು. ಎರಡು ಬಂಡೆಗಳು, ಮೇಲಿನದೂ ನಡುವಿನದೂ, ದಡದ ಪಕ್ಕದಲ್ಲೇ ಇವೆ. ಮೂರನೆಯದಕ್ಕೆ ಇಲ್ಲಿಯವರು ತೊಟ್ಟಿಲುಬಂಡೆ ಎನ್ನುತ್ತಾರೆ, ಅದರ ನಡು ತಗ್ಗಾಗಿದೆ. ದಡಕ್ಕೂ ಅದಕ್ಕೂ ಮಧ್ಯೆ ಒಂದು ಕೊರಕಲು. ಪೂರ್ತಿ ಇಳಿತದಲ್ಲಿ ಕೊರಕಲಿನ ನೀರು ಪಾದಕ್ಕೆ ಬರುತ್ತದೆ, ಉಬ್ಬರದಲ್ಲಿ ಆಳು ಮುಳುಗುವಷ್ಟಾಗುತ್ತದೆ. ನಾವು ಸಮುದ್ರಕ್ಕೆ ಮುಖ ಮಾಡಿ ಕೆಲಸ ಮಾಡುತ್ತಿದ್ದರೆ ಅದು ಬೆನ್ನ ಹಿಂದೆ ತುಂಬಿಕೊಳ್ಳುತ್ತದೆ. ನಿಜ ಹೇಳುತ್ತೇನೆ ಅಪ್ಪಾ, ಅದರೊಳಗೆ ನೀರು ನುಗ್ಗುವ ಶಬ್ದ ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ತಿರುಗಿ ನೋಡುತ್ತೇನೆ.

ಜೊತೆಗೆ ಒಬ್ಬರಿದ್ದಾರೆ. ಮೂವತ್ತು ವರ್ಷದಿಂದ ಇದೇ ಬಂಡೆಗಳಲ್ಲಿ ಚಿಪ್ಪು ಕೀಳುವವರು, ಎಲ್ಲರ ಬಾಯಲ್ಲಿ ಚಿಪ್ಪಕ್ಕ. ನನಗೆ ಬಂದ ದಿನವೇ 'ನಾರಮ್ಮ' ಎಂದು ಹೆಸರಿಟ್ಟರು. ನಾರು ಕಟ್ಟುವುದಕ್ಕೋ, ಚಿಪ್ಪು ತೊಳೆದು ನಾರುವುದಕ್ಕೋ, ಕೇಳುವ ಧೈರ್ಯವಾಗಲಿಲ್ಲ.

ಈಗ ನಿಮ್ಮಿಂದ ಆಗಬೇಕಾದ ಉಪಕಾರ. ಅಚ್ಚಾದ ಪುಸ್ತಕದಲ್ಲಿರುವುದು ದೊಡ್ಡ ಬಂದರಿನ ಇಳಿತದ ಸಮಯ, ಈ ದಡದಲ್ಲಿ ಅದಕ್ಕಿಂತ ತಡ. ಎಷ್ಟು ತಡ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ಮೂವತ್ತೆರಡು ವರ್ಷ ಬಂದರಿನ ಅಳತೆ ಕೋಣೆಯಲ್ಲಿ ನೀರಿನ ಲೆಕ್ಕ ಬರೆದವರು ನೀವು. ನಾನು ಕೋಲು ನೆಟ್ಟು ನೋಡಿದ ಅಂಕಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಹದಿನಾಲ್ಕು ಮತ್ತು ಇಪ್ಪತ್ತನಾಲ್ಕನೇ ತಾರೀಖಿನ ಇಳಿತದ ಹೊತ್ತು ಹಾಕಿಕೊಡುತ್ತೀರಾ?

ನಿಮ್ಮ ಮಗಳು, ನಾರಮ್ಮ

೯-೧

ಮಗಳೇ,

ಕ್ಷೇಮ ಸಮಾಚಾರ ನಿನ್ನ ಅಮ್ಮನ ಇಲಾಖೆ. ಅವಳು ಪ್ರತ್ಯೇಕ ಬರೆಯುತ್ತಾಳೆ. ನಾನು ನೀರಿನ ವಿಷಯಕ್ಕೆ ಬರುತ್ತೇನೆ.

ನಿನ್ನ ಕೋಲಿನ ಅಂಕಿ ನೋಡಿದೆ. ಕೋಲು ಸ್ವಲ್ಪ ವಾಲಿದೆ, ಆದರೂ ಪರವಾಗಿಲ್ಲ. ನಿನ್ನ ದಡ ಪುಸ್ತಕಕ್ಕಿಂತ ಇಪ್ಪತ್ತೆರಡು ನಿಮಿಷ ತಡ. ೧೪ನೇ ತಾರೀಖು ಮಧ್ಯಾಹ್ನ ೨-೧೦. ೨೪ನೇ ತಾರೀಖು ಬೆಳಿಗ್ಗೆ ೧೦-೧೦. ಒಂದು ಗಂಟೆ ಮುಂಚೆ ಇಳಿ, ಹೇಳಿದ ಹೊತ್ತಿಗೆ ವಾಪಸು ಹೊರಡು. "ಇನ್ನೊಂದೇ ಬೋಲ್ಟು" ಅಂತ ನಿಲ್ಲಬೇಡ. ನಮ್ಮ ಆಫೀಸಿನ ದೋಣಿಯವನು ಇನ್ನೊಂದೇ ಗಂಟು ಅಂತ ನಿಂತ, ಅವನ ಚಪ್ಪಲಿ ಮಾತ್ರ ಸಿಕ್ಕಿತು. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಅಲ್ಲ, ಹೆದರಿಸಲೆಂದೇ ಬರೆಯುತ್ತಿದ್ದೇನೆ. ಹೆದರಿಕೊಂಡೇ ಇರು.

ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ ಅನ್ನುವ ಗಾದೆ ಕಟ್ಟಿದವನು ಸಮುದ್ರ ನೋಡಿದವನಲ್ಲ. ನೀರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ಯಾರ ಮಾತೂ ಕೇಳುವುದಿಲ್ಲ. ನನ್ನ ಹಾಗೆ ಅದಕ್ಕೂ ಕಿವುಡು.

ನಾರಿನ ವಿಷಯ ಕೇಳಿ ನಿನ್ನ ಅಮ್ಮ ಹೊಲಿಗೆ ಮಿಷನ್ನು ನಿಲ್ಲಿಸಿ ನಕ್ಕಳು. "ಪಾತ್ರೆ ತಿಕ್ಕೋ ನಾರು ಬಂಡೆಗೆ ಹೊಡೆಯೋಕೆ ಇವಳನ್ನ ಅಷ್ಟು ವರ್ಷ ಓದಿಸಿದ್ವಾ?" ಎಂದಳು. ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರೆ, ಇವಳ ಕೈಯಲ್ಲಿ ನಾರು ವಿಜ್ಞಾನಕ್ಕೆ ಹೋಯಿತು ಬಿಡು ಎಂದೆ.

ಇತಿ, ಅಪ್ಪ
(ಬಂದರಿನ ಮಾಜಿ ನೀರು ಗುಮಾಸ್ತ)

25 ಜನವರಿ

ಅಪ್ಪಾ,

ಹತ್ತೂ ಹತ್ತು ಎಂದರೆ ಹತ್ತೂ ಹತ್ತೇ! ಕೊರಕಲಿನಲ್ಲಿ ಒಂದು ಒಣಕಡ್ಡಿ ಹಾಕಿ ವಾಚು ಹಿಡಿದು ನಿಂತಿದ್ದೆ. ಕಡ್ಡಿ ಸಮುದ್ರದ ಕಡೆ ಹೋಗುತ್ತಿದ್ದದ್ದು ನಿಂತಿತು, ಒಂದು ಕ್ಷಣ ಯೋಚಿಸಿತು, ನಮ್ಮ ಕಡೆ ತಿರುಗಿತು. ಚಿಪ್ಪಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇದನ್ನ ನಿಂಗೆ ಯಾರು ಹೇಳಿದ್ದು?"

"ನಮ್ಮಪ್ಪ."

"ಎಲ್ಲಿದ್ದಾರೆ ಅವರು?"

"ಒಂದು ದಿನದ ದಾರಿ. ಸೈಕಲ್ ಶಾಪಿನ ಮೇಲಿನ ಮನೆಯಲ್ಲಿ."

"ಅಲ್ಲಿ ಕೂತ್ಕೊಂಡು ಇಲ್ಲಿನ ನೀರು ಹೇಳ್ತಾರಾ? ಅಬ್ಬಬ್ಬಾ! ನಾನು ಮೂವತ್ತು ವರ್ಷ ಕಣ್ಣಲ್ಲಿ ನೋಡಿ ಹೇಳೋದನ್ನ ನಿಮ್ಮಪ್ಪ ಕಣ್ಣು ಮುಚ್ಚಿ ಹೇಳ್ತಾರಲ್ಲೇ."

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಜಾರಿ ಬಿದ್ದೆ. ಏನೂ ಆಗಲಿಲ್ಲ, ಮೊಣಕೈ ತರಚಿತು ಅಷ್ಟೆ.

ಎಣಿಕೆ ಕೇಳಿ. ಮೇಲಿನ ಬಂಡೆಯ ಐದು ನಾರಿನಲ್ಲಿ 3 ಮರಿ. ನಡುವಿನದರಲ್ಲಿ 41. ತೊಟ್ಟಿಲುಬಂಡೆಯಲ್ಲಿ 312! ನಿನ್ನೆ ಮಧ್ಯಾಹ್ನದಿಂದ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಎಣಿಸಿದ್ದೇನೆ. ಮರಿಗೆ ಒಂದು ಪುಟ್ಟ ಕಾಲಿದೆ. ಅದನ್ನು ಚಾಚಿ ತಡವಿ ನೋಡುತ್ತದೆ, ಹಿಡಿಸದಿದ್ದರೆ ಮತ್ತೆ ನೀರಿಗೆ ಬೀಳುತ್ತದೆ. ಹಿಡಿಸಿದರೆ ಎಳೆ ಬಿಟ್ಟು ಅಂಟಿಕೊಳ್ಳುತ್ತದೆ. ಎಲ್ಲ ಬಿಟ್ಟು ಅತಿ ಅಪಾಯದ ಬಂಡೆಯೇ ಯಾಕೆ ಬೇಕು ಇವಕ್ಕೆ? "ಅಲ್ಲಿ ಮರಿ ಕೂರುತ್ತೆ ಅಂತ ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ತೊಟ್ಟಿಲು ಅಂತ ಸುಮ್ನೆ ಕರೀತಾರಾ?" ಎಂದರು ಚಿಪ್ಪಕ್ಕ.

ಫೆಬ್ರವರಿಯ ಮೂರು, ಹದಿಮೂರು, ಇಪ್ಪತ್ತಮೂರಕ್ಕೆ ಹೊತ್ತು ಕಳಿಸಿ. ನಿಮ್ಮ ಕಾಗದವನ್ನು ಬಂಡೆಗೆ ಒಯ್ದರೆ ನೆನೆದುಹೋಗುತ್ತದೆಂದು ಬಂದ ಕೂಡಲೇ ನನ್ನ ನೋಟ್‌ಬುಕ್ಕಿಗೆ ಇಂಗ್ಲಿಷ್ ಅಂಕಿಯಲ್ಲಿ ಇಳಿಸಿಕೊಂಡು, ಕಾಗದವನ್ನು ಡ್ರಾಯರಿನಲ್ಲಿ ಇಡುತ್ತೇನೆ. ಅಚ್ಚಿನ ಪುಸ್ತಕ ತೆರೆಯುವುದನ್ನೇ ಬಿಟ್ಟಿದ್ದೇನೆ.

ನಿಮ್ಮ ನಾರಮ್ಮ

೨೮-೧

ಮಗಳೇ,

ಇಂಗ್ಲಿಷ್ ಅಂಕಿ ಯಾಕೆ? ಒಂದನೇ ಕ್ಲಾಸಿನಲ್ಲಿ ನಾನೇ ನಿನ್ನ ಕೈ ಹಿಡಿದು ಸ್ಲೇಟಿನ ಮೇಲೆ ಒಂದರಿಂದ ಹತ್ತು ತಿದ್ದಿಸಿದ್ದೆ. ಮೂವತ್ತೆರಡು ವರ್ಷ ಬಂದರಿಗೆ ಬಂದ ಹಡಗುಗಳೆಲ್ಲ ನನ್ನ ಕನ್ನಡ ಅಂಕಿಯ ಮೇಲೆಯೇ ಒಳಗೆ ಬಂದವು. ಒಂದೂ ನೆಲಕ್ಕೆ ತಾಗಲಿಲ್ಲ.

೩ನೇ ತಾರೀಖು ಬೆಳಿಗ್ಗೆ ೬-೧೦. ೧೩ನೇ ತಾರೀಖು ಮಧ್ಯಾಹ್ನ ೨-೩೫. ೨೩ನೇ ತಾರೀಖು ಬೆಳಿಗ್ಗೆ ೧೦-೩೫.

ಈ ಸಲ ಲೆಕ್ಕಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೈ ನಡುಗುತ್ತದೆ, ಅಂಕಿಗಳು ಸಾಲಿನಲ್ಲಿ ನಿಲ್ಲುವುದಿಲ್ಲ. ಅರವತ್ತಕ್ಕೆ ಅರಳುಮರಳು ಅಂತಾರೆ. ನನಗೀಗ ೬೬. ಆರು ವರ್ಷ ಲಾಭದಲ್ಲಿದ್ದೇನೆ.

ಒಂದು ಕೇಳಬೇಕೆಂದಿದ್ದೆ. ಈ ಮರಿಗಳು ಕೂರುವ ಮೊದಲು ಎಷ್ಟು ವಾರ ನೀರಿನಲ್ಲಿರುತ್ತವೆ? ನೀನು ಬರೆದೇ ಇಲ್ಲ. ಮತ್ತೆ, ನಮ್ಮ ಆಫೀಸಿನ ದೋಣಿಯವನ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ಇನ್ನೊಂದೇ ಗಂಟು ಅಂತ ನಿಂತ, ಚಪ್ಪಲಿ ಮಾತ್ರ ಸಿಕ್ಕಿತು. ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ.

ಇತಿ, ಅಪ್ಪ

8 ಫೆಬ್ರವರಿ

ಅಪ್ಪಾ,

ಕಾಗದ ತಲುಪಿತು. ಇಲ್ಲಿ ಗಾಳಿ ಜಾಸ್ತಿ. ಎಲ್ಲ ಚೆನ್ನಾಗಿದೆ. ಮುಂದಿನ ತಿಂಗಳಿಂದ ಇಳಿತದ ಸಮಯವನ್ನು ಇಲ್ಲಿಯ ಕಚೇರಿಯೇ ಕೊಡುತ್ತದಂತೆ, ಆದ್ದರಿಂದ ನೀವು ತೊಂದರೆ ತೆಗೆದುಕೊಳ್ಳಬೇಡಿ. ಕಣ್ಣಿಗೆ ವಿಶ್ರಾಂತಿ ಕೊಡಿ.

ನಿಮ್ಮ ಮಗಳು

8 ಫೆಬ್ರವರಿ

ಅಮ್ಮಾ,

ಇದನ್ನು ಅಪ್ಪನಿಗೆ ತೋರಿಸಬೇಡ. ಓದಿ ಹರಿದುಹಾಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಬದುಕಿದ್ದೇನೆ, ಕೈಕಾಲು ನೆಟ್ಟಗಿವೆ. ಅಂಗೈ ತುಂಬ ಗಾಯ, ಅದಕ್ಕೇ ಅಕ್ಷರ ಹೀಗಿದೆ.

ಮೂರನೇ ತಾರೀಖು ಬೆಳಿಗ್ಗೆ 9-10ಕ್ಕೆ ಇಳಿತ ಎಂದು ನೋಟ್‌ಬುಕ್ಕಿನಲ್ಲಿತ್ತು. ಎಂಟೂವರೆಗೆ ಕೊರಕಲಿಗೆ ಬಂದೆವು. ನೀರು ಮೊಣಕಾಲಿಗಿತ್ತು. ಚಿಪ್ಪಕ್ಕ ನಿಂತುಬಿಟ್ಟರು. "ನಾರಮ್ಮಾ, ಇದು ಇಳಿಯೋ ನೀರಲ್ಲ. ಬರೋ ನೀರು," ಎಂದರು. ನಾನೇನು ಹೇಳಿದೆ ಗೊತ್ತಾ ಅಮ್ಮಾ? "ಅಕ್ಕಾ, ನಮ್ಮಪ್ಪನ ಲೆಕ್ಕ. ಇನ್ನೂ ಮುಕ್ಕಾಲು ಗಂಟೆ ಇಳಿಯುತ್ತೆ, ಬನ್ನಿ" ಎಂದೆ. ಅವರು ನನ್ನ ಮುಖ ನೋಡಿದರು, ನೀರು ನೋಡಿದರು, ಬಂದರು. ಮೂವತ್ತು ವರ್ಷದ ಕಣ್ಣನ್ನು ನನ್ನ ಮಾತಿಗೆ ಕಟ್ಟಿಹಾಕಿ ಬಂದರು.

ಮೂರನೇ ನಾರು ಬಿಚ್ಚುವಾಗ ಹಿಂದಿನಿಂದ ಆ ಶಬ್ದ. ತಿರುಗಿ ನೋಡಿದರೆ ಕೊರಕಲು ಇಲ್ಲ. ನೀರು, ಬರೀ ನೀರು. ಚಿಪ್ಪಕ್ಕ "ನಾನು ಮೊದ್ಲು ಇಳೀತೀನಿ, ನನ್ನ ಸೆರಗು ಹಿಡ್ಕೋ" ಎಂದು ಕಾಲಿಟ್ಟರು. ಅಲೆ ಅವರನ್ನು ಎತ್ತಿ ಬಂಡೆಗೆ ಹೊಡೆಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹೇಗೆ ಮೇಲೆಳೆದೆನೋ ನನಗೇ ಗೊತ್ತಿಲ್ಲ. ಇಬ್ಬರೂ ಬಂಡೆಯ ನೆತ್ತಿಗೆ ತೆವಳಿದೆವು. ನೀರು ಅಲ್ಲಿಗೂ ಬಂತು, ಸೊಂಟದವರೆಗೆ. ಹಿಡಿದುಕೊಳ್ಳಲು ಏನೂ ಇಲ್ಲ, ಬಂಡೆಯ ತುಂಬ ಕಪ್ಪೆಚಿಪ್ಪು ಮಾತ್ರ. ಅವುಗಳ ಅಂಚಿಗೆ ಕೈ ಕೊಯ್ದು ರಕ್ತ ಸುರಿಯುತ್ತಿತ್ತು, ಆದರೂ ಬಿಡಲಿಲ್ಲ. ಅವೂ ಕಿತ್ತು ಬರಲಿಲ್ಲ. ಹನ್ನೊಂದಕ್ಕೆ ಬಲೆಯ ದೋಣಿಯೊಂದು ನಮ್ಮನ್ನು ಕಂಡಿತು.

ಚಿಪ್ಪಕ್ಕನ ಕಾಲಿಗೆ ಎರಡು ಕಡೆ ಮುರಿತ. ಆಸ್ಪತ್ರೆಯಲ್ಲಿದ್ದಾರೆ. ಒಂದು ಮಾತೂ ಬೈದಿಲ್ಲ, ಅದೇ ತಡೆಯಲಾಗುತ್ತಿಲ್ಲ.

ಸಂಜೆ ಅಚ್ಚಿನ ಪುಸ್ತಕ ತೆಗೆದು ನೋಡಿದೆ. ಇಳಿತ ಇದ್ದದ್ದು ಆರರ ಸುಮಾರಿಗೆ. ಅಪ್ಪನ ಲೆಕ್ಕ ಮೂರು ಗಂಟೆ ತಪ್ಪಿತ್ತು. ಮೂರು ಗಂಟೆ, ಅಮ್ಮಾ! ಮೂರು ನಿಮಿಷ ತಪ್ಪಿದರೆ ಊಟ ಬಿಡುತ್ತಿದ್ದ ಮನುಷ್ಯ. ಕಳೆದ ಕಾಗದದಲ್ಲಿ ಹೇಳಿದ್ದನ್ನೇ ಹೇಳಿದ್ದರು, ನಾನು ಬರೆದದ್ದನ್ನು ಬರೆದಿಲ್ಲ ಎಂದಿದ್ದರು. ನಿಜ ಹೇಳು, ಅಪ್ಪನ ತಲೆ ಹೇಗಿದೆ? ನನಗೆ ಆ ನೀರಿಗಿಂತ ಇದರ ಹೆದರಿಕೆಯೇ ಹೆಚ್ಚಾಗಿದೆ.

ನಿನ್ನ ಮಗಳು

15 ಫೆಬ್ರವರಿ

ಪುಟ್ಟೀ,

ನಿನ್ನ ಕಾಗದ ಓದಿ ಜೀವ ಬಾಯಿಗೆ ಬಂತು ಕಣೇ. ಅರ್ಧ ಹೊಲಿದ ಬಟ್ಟೆ ಮಿಷನ್ನಲ್ಲೇ ಬಿಟ್ಟು ಕೂತುಬಿಟ್ಟೆ. ಮೊದಲು ಆ ಬಂಡೆ ಬಿಡು, ಮನೆಗೆ ಬಾ. ನಾರು ಹಿಡಿದು ತಿಕ್ಕೋಕೆ ಇಲ್ಲೇ ಬೇಕಾದಷ್ಟು ಪಾತ್ರೆ ಇದೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹೋದ ತಿಂಗಳು ಬೆಳಿಗ್ಗೆ ಎದ್ದು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೊರಟರು. ಮೆಟ್ಟಿಲಿಳಿದು ಸೈಕಲ್ ಶಾಪಿನ ಹತ್ತಿರ ಹೋದ ಮೇಲೆ ನೆನಪಾಯಿತು, ರಿಟೈರಾಗಿ ಎಂಟು ವರ್ಷ ಆಯ್ತು ಅಂತ. ಟಯರಿಗೆ ಗಾಳಿ ಕೇಳೋಕೆ ಬಂದವರ ಹಾಗೆ ನಟನೆ ಮಾಡಿ ವಾಪಸು ಬಂದರು. ನಮ್ಮ ಮನೇಲಿ ಸೈಕಲ್ಲೇ ಇಲ್ಲ. ನಾನೂ ನೋಡದವಳ ಹಾಗೆ ಇದ್ದೆ.

ಡಾಕ್ಟರ ಹತ್ತಿರ ಬನ್ನಿ ಅಂದರೆ "ನಂಗೇನಾಗಿದೆ, ನಿಂಗೇ ಏನೋ ಆಗಿದೆ" ಅಂತಾರೆ. ಏನು ಮಾಡಲಿ? ಕೊನೆಗೆ ಬೇರೆ ದಾರಿ ಕಾಣದೆ ನಿನ್ನ ಕಾಗದದ ವಿಷಯ ಹೇಳಿಬಿಟ್ಟೆ. ಬೈಯಬೇಡ. ನಿಮ್ಮ ಲೆಕ್ಕ ತಪ್ಪಿ ಮಗಳು ಸಾಯೋಕಿದ್ದಳು, ಇನ್ನಾದರೂ ಬರ್ತೀರಾ ಅಂತ ಕಿವಿಯ ಹತ್ತಿರ ಕಿರುಚಿದೆ. ಕೇಳಿಸಿತು.

ಡಾಕ್ಟರು ಗಡಿಯಾರ ಬರೆಯಿರಿ ಅಂದರು. ಅಚ್ಚು ಹಾಕಿದ ಹಾಗೆ ಬರೆದರು. ಇವತ್ತು ಯಾವ ವಾರ ಅಂದರೆ ಹೇಳಲಿಲ್ಲ. ಇನ್ನೂ ಪರೀಕ್ಷೆ ಮಾಡಬೇಕಂತೆ. ಮನೆಗೆ ಬಂದು ನೀರಿನ ಲೆಕ್ಕದ ಪುಸ್ತಕಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಡಬ್ಬಿಯನ್ನ ನನ್ನ ಕೈಗೆ ಕೊಟ್ಟರು. "ಇನ್ನು ಇದು ಬೇಡ. ನಾನು ಒಬ್ಬರನ್ನ ಕೊಲ್ಲೋದರಲ್ಲಿದ್ದೆ," ಅಂದರು. ಆವತ್ತಿಂದ ಕಿಟಕಿಯ ಹತ್ತಿರ ಕೂತಿರುತ್ತಾರೆ. ಮಾತಿಲ್ಲ, ಜಗಳವೂ ಇಲ್ಲ. ನಲವತ್ತು ವರ್ಷ ಈ ಮನುಷ್ಯ ಸುಮ್ಮನಿರಲಿ ಅಂತ ಹರಕೆ ಹೊರುವುದೊಂದೇ ಬಾಕಿ ಇತ್ತು. ಈಗ ಸುಮ್ಮನಿದ್ದಾರೆ, ನನಗೆ ಮನೆಯೊಳಗೆ ಇರೋಕೆ ಹೆದರಿಕೆ ಆಗುತ್ತೆ.

ನಿನ್ನ ಅಮ್ಮ

27 ಫೆಬ್ರವರಿ

ಅಪ್ಪಾ,

ಈ ಕಾಗದ ಓದಲು ಕನ್ನಡಕ ಹಾಕಿಕೊಳ್ಳಿ. ಅಮ್ಮಾ, ಡಬ್ಬಿ ಕೊಡು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಚಿಪ್ಪಕ್ಕನಿಗೆ ನಿಮ್ಮ ಪರವಾಗಿ ಕ್ಷಮೆ ಕೇಳಬೇಕೆಂದು ಹೋದದ್ದು. ಸುಮ್ಮನೆ ಬಾಯಿಮಾತಿನಲ್ಲಿ ಬೇಡ ಎಂದು ಡ್ರಾಯರಿನಿಂದ ನಿಮ್ಮ ಕಾಗದವನ್ನೂ ತೆಗೆದುಕೊಂಡು ಹೋದೆ. ನೋಡಿ ಅಕ್ಕಾ, ನಮ್ಮಪ್ಪ ಬರೆದದ್ದು ಹೀಗೆ, ಅವರಿಗೆ ವಯಸ್ಸಾಗಿದೆ, ಕೋಪ ಮಾಡಿಕೊಳ್ಳಬೇಡಿ ಎಂದೆ. ನಿಮ್ಮ ವಯಸ್ಸಿನ ಮೇಲೆ ಹಾಕಿ ನಾನು ಜಾರಿಕೊಳ್ಳುತ್ತಿದ್ದೆ, ಅದು ಈಗ ಗೊತ್ತಾಗುತ್ತಿದೆ.

ಅವರು ಕಾಗದ ಇಸಿದುಕೊಂಡು ದೂರ ಹಿಡಿದು ನೋಡಿದರು. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಇಂಗ್ಲಿಷ್ ಅಂಕಿ ತಡವರಿಸುತ್ತಾರೆ, ಕನ್ನಡ ಅಂಕಿ ಚೆನ್ನಾಗಿ ಬರುತ್ತದೆ.

"ಎಲ್ಲೇ ತಪ್ಪು? ಆರೂ ಹತ್ತು ಅಂತ ಬರ್ದಿದಾರಲ್ಲ," ಎಂದರು.

"ಒಂಬತ್ತು ಅಕ್ಕಾ."

"ಒಂಬತ್ತು ಎಲ್ಲಿಂದ ಬಂತು? ಇದು ಆರು. ಬಾಲ ನೋಡು."

"ಅಪ್ಪನ ಕೈ ನಡುಗುತ್ತೆ, ಅದು ಒಂಬತ್ತೇ."

ಅವರು ಬೆರಳನ್ನು ಕೆಳಗಿನ ಸಾಲಿಗೆ ಒಯ್ದರು. "ಹಂಗಾದ್ರೆ ಇದೇನು? ನಿಮ್ಮಪ್ಪಂಗೆ ತೊಂಬತ್ತೊಂಬತ್ತು ವರ್ಷನಾ?"

ಅಪ್ಪಾ, 'ನನಗೀಗ ೬೬' ಎಂದು ಬರೆದಿದ್ದೀರಿ. ಅದನ್ನು ನಾನು ಅರವತ್ತಾರು ಎಂದೇ ಓದಿದ್ದೆ, ಒಂದು ಕ್ಷಣವೂ ಅನುಮಾನ ಬರಲಿಲ್ಲ. ಮೇಲಿನದೂ ಅದೇ ಅಂಕಿ, ಅದೇ ನಡುಕ, ಅದೇ ಬಾಲ. ಆ ಹಿಂದಿನ ಸಲ ಹತ್ತೂ ಹತ್ತು ಇತ್ತಲ್ಲ, ಈ ಸಲ ಒಂಬತ್ತೂ ಹತ್ತು ಇರಬೇಕೆಂದು ಕಣ್ಣು ತಾನೇ ತೀರ್ಮಾನ ಮಾಡಿಬಿಟ್ಟಿತು. ಇಂಗ್ಲಿಷ್ ಅಂಕಿಯಲ್ಲಿ 9 ಎಂದು ಇಳಿಸಿಕೊಂಡೆ. ಆಮೇಲೆ ತಪ್ಪು ಯಾರದೆಂದು ಹುಡುಕುವಾಗಲೂ ನೋಟ್‌ಬುಕ್ಕನ್ನೇ ನೋಡಿದೆ. ನಿಮ್ಮ ಕಾಗದವನ್ನು ಇನ್ನೊಮ್ಮೆ ತೆಗೆಯಲೇ ಇಲ್ಲ.

ನೀವು ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ ಆರು ಅಪ್ಪಾ. ಅದನ್ನೇ ಮರೆತವಳು ನಾನು, ನಿಮಗೆ ಮರೆವು ಎಂದೆ.

ನಿಮ್ಮ ಲೆಕ್ಕ ತಪ್ಪಲಿಲ್ಲ. ನೀವು ಯಾರನ್ನೂ ಕೊಲ್ಲುವುದರಲ್ಲಿರಲಿಲ್ಲ. ಚಿಪ್ಪಕ್ಕನ ಕಾಲು ಮುರಿದದ್ದು ನನ್ನಿಂದ. ಅದನ್ನು ಅವರಿಗೆ ಹೇಳಿದೆ, ಕಚೇರಿಯಲ್ಲೂ ಬರೆದುಕೊಟ್ಟೆ. ಅವರು ಕಾಗದ ಮಡಚಿ ನನ್ನ ಕೈಗಿಟ್ಟು, "ನೀರನ್ನ ಓದೋಕೆ ಬರ್ದಿದ್ರೆ ಹೋಗ್ಲಿ, ಅಪ್ಪನ ಅಕ್ಷರನಾದ್ರೂ ಓದೋಕೆ ಬರಬಾರ್ದಾ?" ಎಂದರು. ಬೈದರಲ್ಲ ಎಂದು ನನಗೆ ಅಳು ಬಂತು.

ಹದಿಮೂರಕ್ಕೂ ಇಪ್ಪತ್ತಮೂರಕ್ಕೂ ತೊಟ್ಟಿಲುಬಂಡೆಗೆ ಹೋಗಲಿಲ್ಲ. ಕೊರಕಲಿನವರೆಗೆ ಹೋಗುತ್ತೇನೆ, ಕಾಲು ಬರುವುದಿಲ್ಲ. ಅಲ್ಲಿ ಹತ್ತು ದಿನ ಇರಬೇಕಾದ ನಾರು ಇನ್ನೂ ಹಾಗೇ ಇದೆ.

ಪುಸ್ತಕಗಳನ್ನು ಅಟ್ಟದಿಂದ ಇಳಿಸಿ. ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ನಿಮ್ಮ ಮಗಳು

14 ಮಾರ್ಚ್

ಅಪ್ಪಾ,

ಅಂಚೆಯವನು ಇವತ್ತೂ ಏನೂ ಇಲ್ಲ ಎಂದ. ಕಾಗದ ಸಿಕ್ಕಿತೇ? ಅಮ್ಮನೂ ಬರೆಯುತ್ತಿಲ್ಲ. ನನ್ನಿಂದ ತಡವಾಯಿತೇ? ನನಗೆ ತುಂಬ ಹೆದರಿಕೆಯಾಗುತ್ತಿದೆ.

೨೨-೩

ಮಗಳೇ,

ಅಮ್ಮನಿಗೆ ಬರೆಯಬೇಡ ಎಂದವನು ನಾನೇ. ಮೊದಲು ನಾನು ಲೆಕ್ಕ ಮಾಡಿ ನೋಡಬೇಕಾಗಿತ್ತು. ನೀನು ಅಪ್ಪನ ಮನಸ್ಸಿಗೆ ಸಮಾಧಾನವಾಗಲಿ ಅಂತ ಕಥೆ ಕಟ್ಟಿರಬಹುದು. ನಿನಗೆ ಆ ಅಭ್ಯಾಸ ಇದೆ. ನೀರಲ್ಲಿ ಸಾಯುವುದರಲ್ಲಿದ್ದೂ 'ಇಲ್ಲಿ ಗಾಳಿ ಜಾಸ್ತಿ' ಅಂತ ಬರೆದವಳು ನೀನು.

ಸೈಕಲ್ ಶಾಪಿನವನು ಅಟ್ಟ ಹತ್ತಿ ಕಟ್ಟು ಇಳಿಸಿಕೊಟ್ಟ. ಫೆಬ್ರವರಿ ಮೂರರದನ್ನು ಹೊಸದಾಗಿ ಹಾಕಿದೆ. ಆರು ಗಂಟೆ ಹತ್ತು ನಿಮಿಷ ಬಂತು. ಇನ್ನೊಮ್ಮೆ ಹಾಕಿದೆ. ಆರೂ ಹತ್ತು. ನಿನ್ನ ಅಮ್ಮನನ್ನು ಕರೆದು ತೋರಿಸಿದೆ. ಅವಳು ಮಿಷನ್ನಿಗೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ, ಬರೆಯಲು ನಾಚಿಕೆಯಿಲ್ಲ.

ಈಗ ಇನ್ನೊಂದು ಮಾತು. ಆ ಲೆಕ್ಕ ಮೊದಲು ನನಗೆ ಅರ್ಧ ಗಂಟೆಯ ಕೆಲಸ. ಈ ಸಲ ಹನ್ನೊಂದು ದಿನ ಹಿಡಿಯಿತು. ನಡುವೆ ಒಂದು ದಿನ ಸೊಪ್ಪು ತರಲು ಹೋದವನು ಮನೆಯ ತಿರುವಿನಲ್ಲೇ ನಿಂತುಬಿಟ್ಟೆ. ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಜನ ಓಡಾಡುತ್ತಿದ್ದರು, ಯಾರನ್ನಾದರೂ ಕೇಳಬಹುದಿತ್ತು. ನನ್ನ ಮನೆ ಎಲ್ಲಿ ಅಂತ ಹೇಗೆ ಕೇಳುವುದು? ಸೈಕಲ್ ಶಾಪಿನ ಸುತ್ತಿಗೆ ಸದ್ದು ಕೇಳಿಸಿದರೆ ಅದನ್ನು ಹಿಡಿದು ಬರಬಹುದಿತ್ತು, ಈ ಕಿವಿಗೆ ಅದೂ ಇಲ್ಲ. ಮಗಳೇ, ಆ ದಿನ ಹೆದರಿದಷ್ಟು ನಾನು ಜೀವಮಾನದಲ್ಲಿ ಹೆದರಿಲ್ಲ. ನೀನು ಅಂಕಿ ತಪ್ಪು ಓದಿದ್ದೆ, ನನ್ನನ್ನು ತಪ್ಪು ಓದಿರಲಿಲ್ಲ.

ಡಾಕ್ಟರು ಲೆಕ್ಕ ಬಿಡಬೇಡಿ, ಮಾಡುತ್ತಿರಿ ಎಂದಿದ್ದಾರೆ. ಏಪ್ರಿಲ್ ತಿಂಗಳಿನದು ಹಾಕಿದ್ದೇನೆ. ಅಂಕಿಯಲ್ಲಿ ಬರೆಯುವುದಿಲ್ಲ, ಅಕ್ಷರದಲ್ಲಿ ಬರೆಯುತ್ತೇನೆ, ಬಾಲದ ಗೊಡವೆ ಬೇಡ. ನಾಲ್ಕನೇ ತಾರೀಖು ಬೆಳಿಗ್ಗೆ ಏಳು ಗಂಟೆ. ಹದಿನಾಲ್ಕನೇ ತಾರೀಖು ಮಧ್ಯಾಹ್ನ ಒಂದು ಗಂಟೆ ಇಪ್ಪತ್ತೈದು ನಿಮಿಷ. ಇಪ್ಪತ್ತನಾಲ್ಕನೇ ತಾರೀಖು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೈದು ನಿಮಿಷ.

ಇದನ್ನು ನಂಬಿ ನೀರಿಗೆ ಇಳಿಯಬೇಡ. ಅಚ್ಚಿನ ಪುಸ್ತಕಕ್ಕೆ ಇಪ್ಪತ್ತೆರಡು ನಿಮಿಷ ಕೂಡಿಸಿ ತಾಳೆ ನೋಡು, ಚಿಪ್ಪಕ್ಕನ ಕಣ್ಣಿಗೂ ತೋರಿಸು. ತಪ್ಪಿದ್ದರೆ ನನಗೆ ಹೇಳು. ನಿನ್ನ ಅಮ್ಮ ಹೇಳುವುದಿಲ್ಲ, ಅವಳಿಗೆ ನನ್ನ ಮೇಲೆ ಕರುಣೆ. ಸುಳ್ಳು ಹೇಳಿ ಸಮಾಧಾನ ಮಾಡುವವರು ಮನೆಯಲ್ಲಿ ಒಬ್ಬರೇ ಸಾಕು. ನಾನು ಎಲ್ಲಿಯವರೆಗೆ ಸರಿಯಿದ್ದೇನೆ ಅಂತ ನನಗೆ ಗೊತ್ತಾಗುತ್ತಿರಬೇಕು, ಅಷ್ಟನ್ನು ನೀನು ಮಾಡಿಕೊಡು.

ಇತಿ, ಅಪ್ಪ

5 ಏಪ್ರಿಲ್

ಅಪ್ಪಾ,

ನಿನ್ನೆ ತೊಟ್ಟಿಲುಬಂಡೆಗೆ ಹೋದೆ. ಚಿಪ್ಪಕ್ಕ ಊರುಗೋಲು ಹಿಡಿದು ಬಂದು ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೊರಕಲಿನ ಅಂಚಿನಲ್ಲಿ ನಿಂತುಬಿಟ್ಟೆ. "ಇಳಿಯೋ ನೀರು ಕಣೇ, ನಡಿ!" ಎಂದು ಕೂಗಿದರು. ಕಣ್ಣು ಮುಚ್ಚಿ ಕಾಲಿಟ್ಟೆ. ಪಾದದವರೆಗೆ ಬಂತು, ಅಷ್ಟೆ. ಏಳು ಗಂಟೆಗೆ ಕಡ್ಡಿ ನಿಂತಿತು, ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ. ನಾವು ಬಿಟ್ಟುಬಂದ ನಾರುಗಳಲ್ಲಿ ಒಂದು ಕಿತ್ತುಹೋಗಿದೆ. ಉಳಿದವನ್ನು ಇನ್ನೂ ಎಣಿಸುತ್ತಿದ್ದೇನೆ, ಒಂದರಲ್ಲೇ ಐನೂರು ದಾಟಿತು.

ಪುಸ್ತಕಕ್ಕೆ ತಾಳೆ ನೋಡಿದೆ. ಮೊದಲನೆಯದು ಸರಿ. ಮೂರನೆಯದೂ ಸರಿ.

ಇದಕ್ಕೆ ಮೊದಲು ಒಂದು ಕಾಗದ ಬರೆದಿದ್ದೆ. ಅದರಲ್ಲಿ 'ಮೂರೂ ಸರಿಯಾಗಿವೆ' ಎಂದಿತ್ತು. ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಮತ್ತೆ ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ಎರಡನೆಯದು ತಪ್ಪು, ಅಪ್ಪಾ. ಮೂರು ಸಲ ನೋಡಿದೆ, ನಿಮ್ಮ ಅಕ್ಷರವನ್ನು ಚಿಪ್ಪಕ್ಕನಿಂದಲೂ ಓದಿಸಿದೆ. ಒಂದೂ ಇಪ್ಪತ್ತೈದಲ್ಲ, ಮೂರೂ ಇಪ್ಪತ್ತೈದು ಆಗಬೇಕು. ಈ ಸಲ ಓದಿದ್ದರಲ್ಲಿ ತಪ್ಪಿಲ್ಲ.

ಮೇ ತಿಂಗಳಿನದು ಹಾಕಿ ಕಳಿಸಿ. ನೋಡಿ ಹೇಳುತ್ತೇನೆ.

ನಿಮ್ಮ ನಾರಮ್ಮ